ಆಮ್‌ಸ್ಟರ್‌ಡ್ಯಾಮ್: ಎರಡು ದಿನಕ್ಕೆ ಹದಿನಾಲ್ಕು ಜಾಗ ಬೇಡ

ಮಾನ್ಯರೇ,

ನಿಮ್ಮ ಪ್ರವಾಸ ಪುರವಣಿಯಲ್ಲಿ ಬಂದ ಆಮ್‌ಸ್ಟರ್‌ಡ್ಯಾಮ್ ವಾರಾಂತ್ಯದ ಲೇಖನ ಎರಡು ದಿನಕ್ಕೆ ಹದಿನಾಲ್ಕು ಜಾಗಗಳ ಪಟ್ಟಿ ಕೊಟ್ಟಿದೆ. ಗಾಳಿಗಿರಣಿ, ಚೀಸ್ ಅಂಗಡಿ, ಟುಲಿಪ್ ತೋಟ, ಮರದ ಪಾದರಕ್ಷೆ, ಗೀಥೋರ್ನ್ ಹಳ್ಳಿ ಎಲ್ಲ ಇವೆ. ಊರನ್ನು ಊರಾಗಿಸಿದ ಕಾಲುವೆಗಳಿಗೆ ಮಾತ್ರ ಒಂದೇ ಸಾಲು: ‘ಒಂದು ಗಂಟೆ ದೋಣಿ ವಿಹಾರ’. ಮದುವೆ ಮನೆಗೆ ಹೋಗಿ ಚಪ್ಪರದ ಕಂಬ ಎಣಿಸಿ ಬಂದ ಹಾಗಾಯಿತು. ಊರಿಂದ ಬರುವ ಬಂಧುಗಳು, ಲಂಡನ್ನಿಂದಲೋ ಜರ್ಮನಿಯಿಂದಲೋ ಶುಕ್ರವಾರ ಸಂಜೆ ರೈಲು ಹತ್ತುವ ಕನ್ನಡದ ಹುಡುಗ ಹುಡುಗಿಯರು ಇಂಥ ಪಟ್ಟಿಯನ್ನೇ ನಂಬಿ ಬರುತ್ತಾರೆ. ಆದ್ದರಿಂದ ಕೆಲವು ತಿದ್ದುಪಡಿ, ಕೆಲವು ಸೇರ್ಪಡೆ. ಪತ್ರ ಉದ್ದವಾಗಿದೆ, ಸಂಪಾದಕರು ಕತ್ತರಿ ಹಾಕುವುದಾದರೆ ವೀಸಾ ಮತ್ತು ಟಿಕೆಟ್ಟಿನ ಭಾಗವನ್ನು ದಯವಿಟ್ಟು ಉಳಿಸಿ.

‘ವೀಸಾ ಒಂದು ವಾರದಲ್ಲಿ ಸಿಗುತ್ತದೆ’ ಎಂಬ ಲೇಖನದ ಮಾತನ್ನು ನೆಚ್ಚಿ ವಿಮಾನದ ಟಿಕೆಟ್ ಕೊಳ್ಳಬಾರದು. ಷೆಂಗೆನ್ (ಒಂದೇ ವೀಸಾದಲ್ಲಿ ಸುತ್ತಬಹುದಾದ ಯೂರೋಪಿನ ದೇಶಗಳ ಕೂಟ) ನಿಯಮದಂತೆ ಅರ್ಜಿಯ ತೀರ್ಮಾನಕ್ಕೆ 15 ದಿನ, ದಾಖಲೆಗಳಲ್ಲಿ ಸಂಶಯ ಬಂದರೆ 45 ದಿನದವರೆಗೂ ಅವಕಾಶವಿದೆ. ಪ್ರಯಾಣಕ್ಕೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ಬೇಸಿಗೆ ರಜೆಗೆ ಮುನ್ನ ಅರ್ಜಿ ಕೊಡಲು ದಿನ ಸಿಗುವುದೇ ಕಷ್ಟ, ತಡವಾಗುವುದು ಹೆಚ್ಚಾಗಿ ಅಲ್ಲೇ. ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೊ, 6ರಿಂದ 12ರೊಳಗಿನ ಮಕ್ಕಳಿಗೆ 45. ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಕಡ್ಡಾಯ. ಅರ್ಜಿಯನ್ನು ಹೆಚ್ಚು ದಿನ ಉಳಿಯುವ ದೇಶಕ್ಕೆ ಕೊಡಬೇಕು. ಎರಡು ದೇಶಗಳಲ್ಲಿ ಸಮ ದಿನವಾದರೆ ಮೊದಲು ಕಾಲಿಡುವ ದೇಶಕ್ಕೆ. ವಾರಾಂತ್ಯಕ್ಕೆ ಆಮ್‌ಸ್ಟರ್‌ಡ್ಯಾಮ್, ಉಳಿದ ವಾರ ಪ್ಯಾರಿಸ್ ಎಂದಾದರೆ ಡಚ್ಚರ ಬಳಿ ಅರ್ಜಿ ಹಾಕುವುದೇ ತಪ್ಪು.

ಲಂಡನ್ನಿನಲ್ಲಿ ಕೆಲಸ ಮಾಡುವವರು ಜಾರುವುದು ಇನ್ನೊಂದು ಕಡೆ. ಬ್ರಿಟನ್ನಿನ ವೀಸಾ ಎಷ್ಟೇ ವರ್ಷದ್ದಿರಲಿ, ಭಾರತದ ಪಾಸ್‌ಪೋರ್ಟಿಗೆ ಷೆಂಗೆನ್ ವೀಸಾ ಬೇರೆಯೇ ಬೇಕು. ಯೂರೋಸ್ಟಾರ್ ರೈಲಿಗೆ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಲ್ಲೇ ಪಾಸ್‌ಪೋರ್ಟ್ ತಪಾಸಣೆ ಮುಗಿಯುತ್ತದೆ, ವೀಸಾ ಇಲ್ಲದವರು ರೈಲಿನ ಮುಖವನ್ನೂ ಕಾಣುವುದಿಲ್ಲ. ಜರ್ಮನಿ, ಫ್ರಾನ್ಸ್‌ಗಳ ನಿವಾಸ ಪರವಾನಗಿ ಇದ್ದವರಿಗೆ ಈ ತಲೆನೋವಿಲ್ಲ. ಬೆಂಗಳೂರಿನಿಂದ ಕೆಎಲ್‌ಎಂ ನೇರ ವಿಮಾನದಲ್ಲಿ ಬಂದು ಅಮೆರಿಕಕ್ಕೆ ಮುಂದುವರಿಯುವವರು ‘ನಡುವೆ ಎಂಟು ಗಂಟೆ ಇದೆ, ಊರು ನೋಡಿ ಬರೋಣ’ ಎಂದುಕೊಳ್ಳುವುದುಂಟು. ಅಮೆರಿಕದ ವೀಸಾ ಇದ್ದ ಮಾತ್ರಕ್ಕೆ ನಿಲ್ದಾಣದ ಹೊರಗೆ ಬಿಡುವುದಿಲ್ಲ. 2025ರ ಅಕ್ಟೋಬರ್‌ನಿಂದ ಗಡಿಯಲ್ಲಿ ಮುಖದ ಚಿತ್ರ, ಬೆರಳಚ್ಚು ದಾಖಲಿಸುವ ಹೊಸ ವ್ಯವಸ್ಥೆ ಹಂತಹಂತವಾಗಿ ಬಂದಿದೆ; ಸರತಿಗೆ ಒಂದು ಗಂಟೆ ಹೆಚ್ಚಿಗೆ ಎತ್ತಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಟಿಕೆಟ್. ನಾಜಿಗಳಿಂದ ಅಡಗಿ ದಿನಚರಿ ಬರೆದ ಯಹೂದಿ ಹುಡುಗಿ ಆನ್ ಫ್ರಾಂಕ್ ಮನೆಗೆ ‘ಬೆಳಿಗ್ಗೆ ಬೇಗ ಹೋಗಿ ಸಾಲಿನಲ್ಲಿ ನಿಲ್ಲಿ’ ಎಂದು ಲೇಖನ ಹೇಳುತ್ತದೆ. ಆ ಸಾಲು ಈಗ ಇಲ್ಲ, ಬಾಗಿಲಲ್ಲಿ ಟಿಕೆಟ್ ಮಾರುವುದೂ ಇಲ್ಲ. ಎಲ್ಲವೂ ಆ ವಸ್ತುಸಂಗ್ರಹಾಲಯದ ಸ್ವಂತ ಜಾಲತಾಣದಲ್ಲಿ, ಪ್ರತಿ ಮಂಗಳವಾರ ಅಲ್ಲಿನ ಬೆಳಿಗ್ಗೆ 10 ಗಂಟೆಗೆ, ಆರು ವಾರ ಮುಂದಿನ ದಿನಗಳಿಗೆ ಬಿಡುಗಡೆಯಾಗುತ್ತವೆ. ಭಾರತದ ಗಡಿಯಾರದಲ್ಲಿ ಅದು ಯೂರೋಪಿನ ಬೇಸಿಗೆ ಸಮಯ ಇರುವಾಗ ಮಧ್ಯಾಹ್ನ 1.30, ಚಳಿಗಾಲದಲ್ಲಿ 2.30. ಶನಿವಾರ, ಭಾನುವಾರದ ಟಿಕೆಟ್‌ಗಳು ಬೇಗನೆ ಖಾಲಿಯಾಗುತ್ತವೆ. ‘ಆನ್ ಫ್ರಾಂಕ್ ನಡಿಗೆ’ ಎಂದು ಬೇರೆಯವರು ಮಾರುವ ಪ್ರವಾಸಗಳಲ್ಲಿ ಮನೆಯೊಳಗೆ ಪ್ರವೇಶ ಇರುವುದಿಲ್ಲ, ದುಡ್ಡು ಕೊಡುವ ಮುನ್ನ ಸಣ್ಣ ಅಕ್ಷರ ಓದಬೇಕು. ಎ4 ಹಾಳೆಗಿಂತ ದೊಡ್ಡ ಚೀಲ ಒಳಗೆ ಬಿಡುವುದಿಲ್ಲ. 1942ರ ಜುಲೈನಿಂದ 1944ರ ಆಗಸ್ಟ್ 4ರಂದು ಸಿಕ್ಕಿಬೀಳುವ ತನಕ ಎಂಟು ಜನ ಅಡಗಿದ್ದ ಹಿಂಮನೆಗೆ ಏಣಿಯಂಥ ಮೆಟ್ಟಿಲುಗಳು; ಮಂಡಿ ನೋವಿನ ಹಿರಿಯರಿದ್ದರೆ ಮೊದಲೇ ಯೋಚಿಸಿ.

ವ್ಯಾನ್ ಗೋ ಮ್ಯೂಸಿಯಂಗೂ ಆನ್‌ಲೈನ್‌ನಲ್ಲಿ ಸಮಯ ಗೊತ್ತುಮಾಡಿಕೊಂಡೇ ಹೋಗಬೇಕು. ದೇಶದ ದೊಡ್ಡ ಕಲಾ ಮ್ಯೂಸಿಯಂ ಆದ ರೈಕ್ಸ್‌ಮ್ಯೂಸಿಯಂ ದಿನವೂ 9ರಿಂದ 5, ಅಲ್ಲಿ ಮಾತ್ರ ಹಿಂದಿನ ದಿನ ನೋಡಿದರೂ ಸಾಮಾನ್ಯವಾಗಿ ಜಾಗ ಸಿಗುತ್ತದೆ. ಊರಿನ ಹೆಸರಿನ ಸಿಟಿ ಕಾರ್ಡ್ (ಮ್ಯೂಸಿಯಂ, ಟ್ರಾಮ್‌ಗಳಿಗೆ ಒಂದೇ ಪಾಸ್) ಕೊಂಡರೆ ಎಲ್ಲ ಮುಗಿಯಿತು ಎಂಬ ಭ್ರಮೆ ಬೇಡ. ಅದರಲ್ಲಿ ಆನ್ ಫ್ರಾಂಕ್ ಮನೆಯೂ ಇಲ್ಲ, ವ್ಯಾನ್ ಗೋ ಕೂಡ ಇಲ್ಲ, ವಿಮಾನ ನಿಲ್ದಾಣದ ರೈಲೂ ಇಲ್ಲ. ಎರಡು ದಿನದಲ್ಲಿ ಮೂರು ನಾಲ್ಕು ಮ್ಯೂಸಿಯಂ ಹೊಕ್ಕು ಬರುವವರಿಗೆ ಮಾತ್ರ ಅಸಲು ಹುಟ್ಟೀತು. ಅಷ್ಟು ಮ್ಯೂಸಿಯಂ ಹೊಕ್ಕರೆ ಊರು ನೋಡುವುದು ಯಾವಾಗ?

ಹೋಟೆಲಿನ ಲೆಕ್ಕ ಲೇಖನದಲ್ಲಿ ಅರ್ಧ ಇದೆ. 2024ರಿಂದ ಈ ಊರಿನ ಪ್ರವಾಸಿ ತೆರಿಗೆ ಕೋಣೆಯ ಬಾಡಿಗೆಯ ಶೇ 12.5. ಕೋಣೆ ಬಾಡಿಗೆಯ ಮೇಲಿನ ಮೌಲ್ಯವರ್ಧಿತ ತೆರಿಗೆ 2026ರ ಜನವರಿ 1ರಿಂದ ಶೇ 9ರಿಂದ 21ಕ್ಕೆ ಏರಿದೆ. ರಾತ್ರಿಗೆ 200 ಯೂರೊ ಮೂಲ ಬಾಡಿಗೆಯ ಕೋಣೆ ಎರಡು ರಾತ್ರಿಗೆ 400. ಅದರ ಮೇಲೆ 84 ಮೌಲ್ಯವರ್ಧಿತ ತೆರಿಗೆ, 50 ಪ್ರವಾಸಿ ತೆರಿಗೆ, ಒಟ್ಟು 534. ಬುಕಿಂಗ್ ಜಾಲತಾಣಗಳು ಪ್ರವಾಸಿ ತೆರಿಗೆಯನ್ನು ಎಷ್ಟೋ ಸಲ ಕೊನೆಯ ಪುಟದಲ್ಲಿ ತೋರಿಸುತ್ತವೆ, ಇಲ್ಲವೇ ಹೋಟೆಲಿನ ಕೌಂಟರಿಗೆ ಬಿಡುತ್ತವೆ. ಇನ್ನೊಂದು, ‘ಕಾಲುವೆ ದಂಡೆಯ ಹಳೆಯ ಮನೆ’ ಎಂಬ ಹೋಟೆಲ್‌ಗಳಲ್ಲಿ ಲಿಫ್ಟ್ ಇದೆಯೇ ಎಂದು ಕೇಳಿಯೇ ಹಣ ಕಟ್ಟಬೇಕು. ಇಪ್ಪತ್ತಮೂರು ಕಿಲೊ ಸೂಟ್‌ಕೇಸ್ ಹೊತ್ತು ಆ ಮೆಟ್ಟಿಲು ಏರುವುದು ನಮ್ಮ ಕಡೆಯ ಅಟ್ಟದ ಏಣಿ ಏರಿದಂತೆಯೇ. ದರ ಕೈಗೆಟುಕದಿದ್ದರೆ ರೈಲಿನಲ್ಲಿ ಕಾಲು ಗಂಟೆಯ ಹಾರ್ಲೆಮ್‌ನಲ್ಲಿ ಉಳಿಯಬಹುದು. ಅದೂ ಕಾಲುವೆಯ ಊರೇ, ರಾತ್ರಿ ಗಲಾಟೆ ಕಡಿಮೆ.

ಸ್ಕಿಪೋಲ್ ವಿಮಾನ ನಿಲ್ದಾಣದಲ್ಲಿ ಇಳಿದಾಗ ಒಂದು ಸಂಗತಿ ನೆನಪಿದ್ದರೆ ಇಡೀ ಊರು ಅರ್ಥವಾಗಲು ಅನುಕೂಲ: ವಿಮಾನ ಇಳಿಯುವುದು ಒಂದು ಕಾಲದ ಕೆರೆಯ ತಳದಲ್ಲಿ. ಹಾರ್ಲೆಮರ್‌ಮೇರ್ ಎಂಬ ಆ ದೊಡ್ಡ ಸರೋವರವನ್ನು ಉಗಿಯಂತ್ರಗಳಿಂದ ಬತ್ತಿಸಿ ಮುಗಿಸಿದ್ದು 1852ರಲ್ಲಿ. ರನ್‌ವೇ ಇವತ್ತಿಗೂ ಸಮುದ್ರ ಮಟ್ಟಕ್ಕಿಂತ ಕೆಳಗೆ.

ಅಲ್ಲಿಂದ ಸೆಂಟ್ರಲ್ ನಿಲ್ದಾಣಕ್ಕೆ ರೈಲಿನಲ್ಲಿ ಸುಮಾರು 15 ನಿಮಿಷ. ಟಿಕೆಟ್ ಕೊಳ್ಳಬೇಕಿಲ್ಲ, ಬ್ಯಾಂಕ್ ಕಾರ್ಡನ್ನೇ ಗೇಟಿಗೆ ತಾಗಿಸಿ ಒಳಹೋಗಿ, ಇಳಿದಾಗ ಮತ್ತೆ ತಾಗಿಸಿ ಹೊರಬಂದರೆ ಆಯಿತು. ನಮ್ಮವರಿಗೆ ಇಲ್ಲಿ ನಾಲ್ಕು ಕಡೆ ಎಡವಟ್ಟಾಗುತ್ತದೆ. ಭಾರತದ ಕಾರ್ಡುಗಳಲ್ಲಿ ವಿದೇಶಿ ಬಳಕೆ ಮತ್ತು ತಾಗಿಸಿ ಪಾವತಿಸುವ ಸೌಲಭ್ಯ ಎರಡನ್ನೂ ಬ್ಯಾಂಕ್ ಆ್ಯಪ್‌ನಲ್ಲಿ ಬೇರೆಬೇರೆಯಾಗಿ ತೆರೆಯಬೇಕು. ಊರಲ್ಲೇ ಮಾಡಿಕೊಳ್ಳದೆ ಬಂದರೆ ಗೇಟು ತೆರೆಯುವುದಿಲ್ಲ, ಒಟಿಪಿ ಬರಬೇಕಾದ ಸಿಮ್ ಚೀಲದ ತಳದಲ್ಲಿರುತ್ತದೆ. ಒಂದು ಕಾರ್ಡಿನಲ್ಲಿ ಒಬ್ಬರೇ ಪ್ರಯಾಣಿಸಬಹುದು, ಗಂಡ ಹೆಂಡತಿಗೆ ಎರಡು ಕಾರ್ಡು ಬೇಕು. ಹತ್ತುವಾಗ ಫೋನ್ ತಾಗಿಸಿ ಇಳಿಯುವಾಗ ಅದೇ ಖಾತೆಯ ಪ್ಲಾಸ್ಟಿಕ್ ಕಾರ್ಡ್ ತಾಗಿಸಿದರೆ ಯಂತ್ರಕ್ಕೆ ಅವು ಎರಡು ಬೇರೆ ಕಾರ್ಡುಗಳು: ಎರಡು ಅಪೂರ್ಣ ಪ್ರಯಾಣ, ಎರಡು ಕಡಿತ. ಇಳಿದಾಗ ತಾಗಿಸಲು ಮರೆತರೂ ಟಿಕೆಟ್ ದರಕ್ಕಿಂತ ಹೆಚ್ಚು ಹಣ ಹೋಗುತ್ತದೆ. ಆಮೇಲೆ ಜಾಲತಾಣದಲ್ಲಿ ಸರಿಪಡಿಸಿಕೊಳ್ಳಬಹುದು, ಆದರೆ ವಾರಾಂತ್ಯದ ಅರ್ಧ ಗಂಟೆ ಅದಕ್ಕೇ ವ್ಯಯ. ಟ್ರಾಮ್, ಮೆಟ್ರೊಗಳಿಗೂ ಇದೇ ಕ್ರಮ. ಟ್ರಾಮ್, ಬಸ್ಸಿನೊಳಗೆ ನಗದು ತೆಗೆದುಕೊಳ್ಳುವುದೇ ಇಲ್ಲ. ವೀಸಾ ಕಾರ್ಡ್ ಅಥವಾ ಮಾಸ್ಟರ್‌ಕಾರ್ಡ್ ಇರಲಿ, ರುಪೇ ಒಂದನ್ನೇ ನೆಚ್ಚಿ ಹೊರಡಬೇಡಿ.

ರೈಲು ಹತ್ತುವ ಮುನ್ನ ಫಲಕ ನೋಡಬೇಕು. ಸ್ಕಿಪೋಲ್‌ನಿಂದ ಹೊರಡುವ ರೈಲುಗಳಲ್ಲಿ ಕೆಲವು ಸೆಂಟ್ರಲ್‌ಗೆ ಬಾರದೆ ಜೌಡ್ ಎಂಬ ದಕ್ಷಿಣದ ನಿಲ್ದಾಣದ ಮೂಲಕ ಬೇರೆ ಊರಿಗೆ ಹೋಗಿಬಿಡುತ್ತವೆ. ತಪ್ಪಿ ಹತ್ತಿದರೆ ಗಾಬರಿ ಬೇಡ, ಜೌಡ್‌ನಲ್ಲಿ ಇಳಿದು 52ನೇ ಮೆಟ್ರೊ ಹಿಡಿದರೆ ಸೆಂಟ್ರಲ್. ಉಳಿಯುವುದು ಮ್ಯೂಸಿಯಂಗಳ ಬಳಿಯಾದರೆ ರೈಲೇ ಬೇಡ, 397ನೇ ಬಸ್ಸು ನೇರ ಮ್ಯೂಸಿಯಂ ಮೈದಾನಕ್ಕೆ ಬಿಡುತ್ತದೆ.

ಈಗ ಕಾಲುವೆ. ನಕ್ಷೆ ಬಿಡಿಸಿದರೆ ಹಳೆಯ ಊರು ಅರ್ಧ ಕೊಯ್ದ ಈರುಳ್ಳಿಯಂತೆ ಕಾಣುತ್ತದೆ. ಒಳಗಿನಿಂದ ಹೊರಕ್ಕೆ ಸಿಂಗೆಲ್, ಹೇರನ್‌ಗ್ರಾಖ್ಟ್, ಕೈಜರ್ಸ್‌ಗ್ರಾಖ್ಟ್, ಪ್ರಿನ್ಸೆನ್‌ಗ್ರಾಖ್ಟ್. ಸಿಂಗೆಲ್ ಹಳೆಯ ಊರಿನ ಕಂದಕ. ಉಳಿದ ಮೂರನ್ನು 1613ರಿಂದ ಯೋಜನೆ ಹಾಕಿಯೇ ತೋಡಿದ್ದು. ಗ್ರಾಖ್ಟ್ ಎಂದರೆ ಕಾಲುವೆ, ಹೇರನ್ ಎಂದರೆ ದೊರೆಗಳ, ಕೈಜರ್ ಎಂದರೆ ಚಕ್ರವರ್ತಿಯ, ಪ್ರಿನ್ಸ್ ಅಂತೂ ಗೊತ್ತೇ ಇದೆ. 2010ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಯಾವುದೋ ಒಂದು ಕಟ್ಟಡವಲ್ಲ, ಈ ಇಡೀ ವಲಯ. ಮನೆ ನಂಬರುಗಳ ಗುಟ್ಟು ತಿಳಿದರೆ ಗೂಗಲ್ ನಕ್ಷೆ ಬೇಕಾಗುವುದಿಲ್ಲ: ಈ ಮೂರೂ ಕಾಲುವೆಗಳಲ್ಲಿ ನಂಬರು ವಾಯವ್ಯದ ಬ್ರೌವರ್ಸ್‌ಗ್ರಾಖ್ಟ್ ತುದಿಯಿಂದ ಶುರುವಾಗಿ ಆಮ್‌ಸ್ಟೆಲ್ ನದಿಯ ಕಡೆ ಏರುತ್ತದೆ, ಬೆಸ ಸಂಖ್ಯೆಗಳು ಊರಿನ ನಡುವಿನ ದಡದಲ್ಲಿ, ಸಮ ಸಂಖ್ಯೆಗಳು ಹೊರ ದಡದಲ್ಲಿ. ಪ್ರಿನ್ಸೆನ್‌ಗ್ರಾಖ್ಟ್ 263, ಅಂದರೆ ಆನ್ ಫ್ರಾಂಕ್ ಮನೆ, ಒಳದಡದಲ್ಲಿರುವುದು ಹೀಗೆ.

ಮನೆಗಳು ಮುಂದಕ್ಕೆ ವಾಲಿರುವುದನ್ನು ನೋಡಿ ‘ಕುಸಿಯುತ್ತಿವೆ’ ಎಂದು ಬರೆದಿರುವುದು ಅರ್ಧ ಸತ್ಯ. ಪಕ್ಕಕ್ಕೆ ವಾಲಿದ್ದರೆ ಅದು ಬುನಾದಿ ಕುಸಿತವೇ. ಮುಂದಕ್ಕೆ ವಾಲಿದ್ದರೆ ಹೆಚ್ಚಿನವು ಬೇಕೆಂದೇ ಹಾಗೆ ಕಟ್ಟಿದವು. ನೆತ್ತಿಯಲ್ಲಿ ಹೊರಚಾಚಿದ ತೊಲೆ, ತುದಿಗೆ ಕೊಕ್ಕೆ. ವ್ಯಾಪಾರಿ ಕೆಳಗೆ ವಾಸ, ಸರಕು ಮೇಲಿನ ಅಟ್ಟಗಳಲ್ಲಿ; ನೆಲಮಾಳಿಗೆ ಒದ್ದೆ, ಮೆಟ್ಟಿಲು ಇಕ್ಕಟ್ಟು. ದೋಣಿಯಿಂದ ಇಳಿಸಿದ ಮೂಟೆಯನ್ನು ಹಗ್ಗದಲ್ಲಿ ಎಳೆಯುವಾಗ ಅದು ಗೋಡೆಗೆ, ಕಿಟಕಿಗೆ ಬಡಿಯಬಾರದೆಂದು ಮುಂಭಾಗಕ್ಕೇ ಇಳಿಜಾರು ಕೊಟ್ಟರು. ಈಗಲೂ ಮನೆ ಬದಲಿಸುವಾಗ ಸೋಫಾ, ಬೀರುಗಳು ಕಿಟಕಿಯಿಂದಲೇ ಒಳಹೋಗುತ್ತವೆ. ಮನೆ ನಂಬರು ಬಂದಿದ್ದು ಫ್ರೆಂಚರ ಪ್ರಭಾವದ ಕಾಲದಲ್ಲಿ, 18ನೇ ಶತಮಾನದ ಕೊನೆಗೆ. ಅದಕ್ಕೆ ಮುಂಚೆ ಗೋಡೆಯಲ್ಲಿ ಕೂರಿಸಿದ ಚಿತ್ರಕಲ್ಲೇ ವಿಳಾಸ: ಮೀನು, ಹಡಗು, ಸಕ್ಕರೆ ಅಚ್ಚು. ಯೋರ್ಡಾನ್ ಬಡಾವಣೆಯ ಸಣ್ಣ ಬೀದಿಗಳಲ್ಲಿ ಕಣ್ಣೆತ್ತಿ ನಡೆದರೆ ಡಜನ್ನುಗಟ್ಟಲೆ ಸಿಗುತ್ತವೆ. ಮನೆಯ ಮುಂಗೋಡೆಯ ನೆತ್ತಿ ಮೆಟ್ಟಿಲು ಮೆಟ್ಟಿಲಾಗಿದ್ದರೆ ಸಾಮಾನ್ಯವಾಗಿ 17ನೇ ಶತಮಾನದ ಮೊದಲ ಅರ್ಧ, ಗಂಟೆಯ ಆಕಾರವಿದ್ದರೆ ಅದರ ನಂತರದ್ದು.

ಆ ಅಟ್ಟಗಳಲ್ಲಿ ಏನಿತ್ತು ಎಂಬುದರಲ್ಲಿ ನಮ್ಮ ಕರಾವಳಿಯ ನೆರಳೂ ಇದೆ. 1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಮುಖ್ಯ ಕಚೇರಿ ಇದೇ ಊರಿನಲ್ಲಿ. ಆ ಕಟ್ಟಡ ಈಗ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ್ದು. ಬಸ್ರೂರಿನಲ್ಲಿ ಕೋಠಿ ಇಟ್ಟು ಕೆಳದಿ ಸೀಮೆಯ ಅಕ್ಕಿ, ಮೆಣಸಿಗೆ ಕೈಚಾಚಿದ ಕಂಪನಿ ಇದೇ. ಕುಂದಾಪುರದ ಕಡೆಯ ಓದುಗರು ಮೆಣಸಿನ ಹಣದಲ್ಲಿ ಎದ್ದ ಈ ಮನೆಗಳ ಮುಂದೆ ಒಂದು ನಿಮಿಷ ಹೆಚ್ಚು ನಿಂತರೆ ತಪ್ಪಿಲ್ಲ.

ಕೆಳಗೆ ಕೆಸರು. ಆದ್ದರಿಂದ ಎಲ್ಲವೂ ಮರದ ದಿಮ್ಮಿಗಳ ಮೇಲೆ ನಿಂತಿದೆ. ಡ್ಯಾಮ್ ಚೌಕದ ಅರಮನೆ, 1655ರಲ್ಲಿ ಪುರಭವನವಾಗಿ ತೆರೆದದ್ದು, 13,659 ದಿಮ್ಮಿಗಳ ಮೇಲೆ ಕೂತಿದೆ. 1889ರ ಸೆಂಟ್ರಲ್ ನಿಲ್ದಾಣದ ಅಡಿಯಲ್ಲಿ 8,687. ಪೂರ್ತಿ ನೀರಿನಲ್ಲಿ ಮುಳುಗಿದ ಮರಕ್ಕೆ ಗಾಳಿ ತಾಗದು, ಕೊಳೆಸುವ ಶಿಲೀಂಧ್ರ ಬೆಳೆಯದು. ನೀರು ಇಳಿದು ದಿಮ್ಮಿಯ ತಲೆ ಹೊರಬಂದರೆ ಕೊಳೆ ಶುರು. ಅದಕ್ಕಾಗಿಯೇ ಕಾಲುವೆಯ ಮಟ್ಟವನ್ನು ಆಮ್‌ಸ್ಟರ್‌ಡ್ಯಾಮಿನ ಅಳತೆ ಮಟ್ಟಕ್ಕಿಂತ (ಹೆಚ್ಚುಕಡಿಮೆ ಸಮುದ್ರ ಮಟ್ಟ) ಸುಮಾರು 40 ಸೆಂಟಿಮೀಟರ್ ಕೆಳಗೆ, ಸದಾ ಒಂದೇ ರೀತಿ ಕಾಯುತ್ತಾರೆ. ಬೇಕಾದಾಗ ರಾತ್ರಿ ತೂಬುಗಳನ್ನು ಮುಚ್ಚಿ, ಪೂರ್ವದ ಕಡೆಯಿಂದ ಹೊಸ ನೀರು ನುಗ್ಗಿಸಿ ಹಳೆಯದನ್ನು ಹೊರದೂಡುತ್ತಾರೆ. ನಿಂತ ನೀರಿನಂತೆ ಕಂಡರೂ ನಾರದಿರುವುದು ಅದರಿಂದ. ನಮ್ಮ ನೀರುಗಂಟಿಯ ಕೆಲಸ, ಪಂಪ್‌ಹೌಸಿನ ರೂಪದಲ್ಲಿ.

ದಂಡೆಯ ಗೋಡೆಗಳದೂ ಇದೇ ಕತೆ, ಆದರೆ ಅವು ಕುದುರೆಗಾಡಿಯ ಭಾರಕ್ಕೆ ಕಟ್ಟಿದವು. 2020ರ ಸೆಪ್ಟೆಂಬರ್‌ನಲ್ಲಿ ಗ್ರಿಮ್‌ಬರ್ಗ್‌ವಾಲ್‌ನಲ್ಲಿ ಗೋಡೆಯ ಒಂದು ತುಂಡು ಕುಸಿದು ಕಾಲುವೆಗೆ ಬಿತ್ತು. ಅಂದಿನಿಂದ ದುರಸ್ತಿಯ ವೇಗ ಹೆಚ್ಚಿದೆ. ಪ್ರವಾಸಿಗೆ ಇದರಿಂದ ಎರಡು ಪರಿಣಾಮ. ಪೋಸ್ಟ್‌ಕಾರ್ಡಿನ ದಂಡೆಗೆ ಹೋದರೆ ಉಕ್ಕಿನ ಹಾಳೆ, ಬೇಲಿ, ಕಡಿದ ಮರಗಳು ಎದುರಾಗಬಹುದು. ಬೈದುಕೊಳ್ಳದೆ ಮುಂದಿನ ಸೇತುವೆಗೆ ಹೋಗಿ. ಎರಡನೆಯದು ಪ್ಯಾಕೇಜ್ ಪ್ರವಾಸದವರಿಗೆ: 2024ರ ಜನವರಿಯಿಂದ 7.5 ಟನ್ ಮೀರಿದ ಪ್ರವಾಸಿ ಬಸ್ಸುಗಳಿಗೆ ನಡು ಊರಿಗೆ ಪ್ರವೇಶವಿಲ್ಲ. ‘ಬಸ್ಸಿನಿಂದಲೇ ಕಾಲುವೆ ದರ್ಶನ’ ಎಂದು ಕರಪತ್ರದಲ್ಲಿ ಬರೆದಿದ್ದರೆ ಅದು ಹಳೆಯ ಕರಪತ್ರ. ಬಸ್ಸು ಹೊರಗೆ ನಿಲ್ಲುತ್ತದೆ, ಅಲ್ಲಿಂದ ಟ್ರಾಮ್ ಅಥವಾ ಕಾಲ್ನಡಿಗೆ.

ನಡಿಗೆಗೆ ಶನಿವಾರ ಬೆಳಿಗ್ಗೆ 8ಕ್ಕೆ ಬ್ರೌವರ್ಸ್‌ಗ್ರಾಖ್ಟ್‌ನಲ್ಲಿ ಶುರುಮಾಡುವುದು ಉತ್ತಮ. ಹಳೆಯ ಗೋದಾಮುಗಳ ಬಣ್ಣದ ಮರದ ಕದಗಳು ಬೆಳಗಿನ ಬಿಸಿಲಿಗೆ ಚೆನ್ನ, ಪ್ರವಾಸಿ ಗುಂಪುಗಳು ಇನ್ನೂ ಉಪಾಹಾರದಲ್ಲಿರುತ್ತವೆ. ಪಕ್ಕದ ನೊರ್ಡರ್‌ಮಾರ್ಕ್ಟ್ ಚೌಕದಲ್ಲಿ ಶನಿವಾರ ಸಾವಯವ ರೈತರ ಸಂತೆ. ಅಲ್ಲಿಂದ ಪ್ರಿನ್ಸೆನ್‌ಗ್ರಾಖ್ಟ್ ಹಿಡಿದು ದಕ್ಷಿಣಕ್ಕೆ ನಡೆದರೆ ವೆಸ್ಟರ್‌ಕೆರ್ಕ್ ಚರ್ಚು. ಚಿತ್ರಕಾರ ರೆಂಬ್ರಾಂಟ್ 1669ರಲ್ಲಿ ಮಣ್ಣಾದದ್ದು ಇಲ್ಲೇ, ಯಾವ ಗುಂಡಿ ಎಂಬ ಗುರುತಿಲ್ಲದೆ. ಆಮೇಲೆ ಕಾಲುವೆಗಳನ್ನು ಅಡ್ಡ ಕೊಯ್ಯುವ ಒಂಬತ್ತು ಗಲ್ಲಿಗಳು, ಬಟ್ಟೆ ಅಂಗಡಿಗಳೇ ಜಾಸ್ತಿ, ಬೇಗ ದಾಟಬಹುದು. ಲೇಡ್ಸೆಸ್ಟ್ರಾಟ್ ದಾಟಿ ಹೇರನ್‌ಗ್ರಾಖ್ಟ್‌ಗೆ ತಿರುಗಿದರೆ ‘ಚಿನ್ನದ ತಿರುವು’. ಇಲ್ಲಿ ಮನೆಗಳು ದಿಢೀರನೆ ಎರಡು ಪಟ್ಟು ಅಗಲ. ಎರಡೆರಡು ನಿವೇಶನ ಕೊಂಡ ಸಿರಿವಂತರ ಕಾರುಬಾರು. ಸ್ವಲ್ಪ ಮುಂದೆ ರೆಗುಲಿಯರ್ಸ್‌ಗ್ರಾಖ್ಟ್ ಸೇರುವಲ್ಲಿ ಒಂದರ ಹಿಂದೊಂದು ಏಳು ಕಮಾನು ಸೇತುವೆಗಳು ಕಾಣುತ್ತವೆ. ಸೇತುವೆಯ ಮೇಲಿಂದ ನೋಡಿದರೆ ಅರ್ಧ ಮಾತ್ರ, ನೀರಿನ ಮಟ್ಟದಿಂದ ಪೂರ್ತಿ. ಕೈಜರ್ಸ್‌ಗ್ರಾಖ್ಟ್ 672ರಲ್ಲಿ ವ್ಯಾನ್ ಲೋನ್ ಮನೆತನದ ಮನೆ ಮ್ಯೂಸಿಯಂ ಆಗಿದೆ. ಬೀದಿಯಿಂದ ಊಹಿಸಲಾಗದ ಹಿತ್ತಲ ತೋಟ, ಅದರಾಚೆ ಕುದುರೆಗಾಡಿ ಮನೆ. ಒಂದೇ ಮನೆ ಹೊಕ್ಕು ನೋಡುವುದಾದರೆ ಇದು. ಕೊನೆಗೆ ಆಮ್‌ಸ್ಟೆಲ್ ನದಿಯ ಮೇಲಿನ ಮರದ ಎತ್ತು ಸೇತುವೆ, ಮಾಖೆರೆ ಬ್ರುಖ್. ನೇರ ನಡೆದರೆ ಒಟ್ಟು 3 ಕಿಲೊಮೀಟರು, ಅಡ್ಡಾಡುತ್ತ 5. ನಡುವೆ ಆನ್ ಫ್ರಾಂಕ್ ಮನೆಯೂ ಸೇರಿದರೆ ಇಡೀ ದಿನ ಬೇಕು.

ದೋಣಿಯನ್ನು ಬೆಳಿಗ್ಗೆ ಮೊದಲ ಕೆಲಸವಾಗಿ ಮುಗಿಸಬೇಡಿ. ನಡೆದು ನೋಡಿದ ಮೇಲೆ, ಸಂಜೆ ಹತ್ತಿದರೆ ಪ್ರತಿ ಸೇತುವೆ ಗುರುತು ಸಿಗುತ್ತದೆ. ಗಾಜಿನ ಮಾಡಿನ ದೊಡ್ಡ ದೋಣಿಗಳು ಮಳೆಗೆ ಸರಿ. ಬಿಸಿಲಿದ್ದರೆ ಒಳಗೆ ಹಸಿರುಮನೆಯ ಧಗೆ, ಕತ್ತಲಾದ ಮೇಲೆ ಗಾಜಿನಲ್ಲಿ ನಿಮ್ಮ ಮುಖವೇ ಫೋಟೊಗೆ ಬೀಳುತ್ತದೆ. ಹದಿನೈದಿಪ್ಪತ್ತು ಜನರ ತೆರೆದ ದೋಣಿ ಹಿಡಿದರೆ ಸಣ್ಣ ಕಾಲುವೆಗಳಿಗೂ ನುಗ್ಗುತ್ತದೆ. ದರ ಎರಡಕ್ಕೂ 15ರಿಂದ 25 ಯೂರೊ ಆಸುಪಾಸು. ನೀವೇ ನಡೆಸುವ ಬ್ಯಾಟರಿ ದೋಣಿಗೆ ಪರವಾನಗಿ ಬೇಡ. ಬಲಗಡೆ ಚಲಿಸಬೇಕು, ಕಾಲುವೆಗಳಲ್ಲಿ ವೇಗದ ಮಿತಿ ಗಂಟೆಗೆ 6 ಕಿಲೊಮೀಟರು, ಸ್ಪೀಕರ್ ಹಾಕುವಂತಿಲ್ಲ. ದೊಡ್ಡ ದೋಣಿ ಎದುರು ಬಂದರೆ ಸೇತುವೆಯಡಿ ನುಗ್ಗದೆ ಬದಿಗೆ ಕಾಯಬೇಕು. ಹೊಸಬರಿಗೆ ಬರುವ ಪೆಟ್ಟು ಅಲ್ಲೇ: ದೋಣಿಗೆ ಬ್ರೇಕ್ ಇರುವುದಿಲ್ಲ, ಹಿಂದಕ್ಕೆ ಎಳೆಯುವ ಗೇರು ಹಾಕಿದ ಮೇಲೂ ಅದು ಸ್ವಲ್ಪ ದೂರ ಜಾರುತ್ತದೆ. ಆಗಸ್ಟ್ ಮೊದಲ ಶನಿವಾರ ಸಾಮಾನ್ಯವಾಗಿ ಪ್ರೈಡ್ (ಎಲ್‌ಜಿಬಿಟಿ ಸಮುದಾಯದ ಹಬ್ಬ) ದೋಣಿ ಮೆರವಣಿಗೆ, ಏಪ್ರಿಲ್ 27 ರಾಜನ ಹುಟ್ಟುಹಬ್ಬ. ಆ ದಿನಗಳಲ್ಲಿ ವಿಹಾರದ ದೋಣಿ, ಹೋಟೆಲ್ ದರ ಎರಡರ ಆಸೆಯನ್ನೂ ಬಿಡಬೇಕು.

ನೀರಿನ ಮೇಲೆ ಬಿಟ್ಟಿಯಾಗಿ ಹೋಗಬೇಕೆಂದರೆ ಸೆಂಟ್ರಲ್ ನಿಲ್ದಾಣದ ಹಿಂಬಾಗಿಲಿಗೆ ಬನ್ನಿ. ‘ಐ’ ಎಂಬ ಅಗಲ ನೀರನ್ನು ದಾಟಿಸುವ ದೋಣಿಗಳಿಗೆ ಟಿಕೆಟ್ಟೇ ಇಲ್ಲ. ನಾಲ್ಕೈದು ನಿಮಿಷದಲ್ಲಿ ಆಚೆ ದಡ, ಅಲ್ಲಿಂದ ಇಡೀ ಊರಿನ ಅಂಚು ಕಾಣುತ್ತದೆ. ಲೇಖನ ಇದನ್ನು ಹೇಳಲೇ ಇಲ್ಲ.

‘ಸೈಕಲ್ ಬಾಡಿಗೆಗೆ ಪಡೆದರೆ ಎಲ್ಲ ಸುಲಭ’ ಎಂಬ ಸಲಹೆಗೆ ನಮ್ಮ ತೀವ್ರ ಆಕ್ಷೇಪವಿದೆ. ಇಪ್ಪತ್ತು ವರ್ಷದಿಂದ ಸೈಕಲ್ ಮುಟ್ಟದವರು ಇಲ್ಲಿನ ಬೆಳಗಿನ ದಟ್ಟಣೆಗೆ ಇಳಿಯಬಾರದು. ಬಾಡಿಗೆ ಸೈಕಲ್ಲುಗಳಲ್ಲಿ ಎಷ್ಟೋ ಕೈಬ್ರೇಕ್ ಇಲ್ಲದವು, ಪೆಡಲ್ ಹಿಂದಕ್ಕೆ ತುಳಿದರೆ ನಿಲ್ಲುತ್ತವೆ. ಗಾಬರಿಯಲ್ಲಿ ಬೆರಳು ಇಲ್ಲದ ಬ್ರೇಕನ್ನೇ ಹುಡುಕುತ್ತದೆ. ಟ್ರಾಮ್ ಹಳಿಯ ಸಂದಿಗೆ ಚಕ್ರ ಸಿಕ್ಕಿದರೆ ಬಿದ್ದಂತೆಯೇ. ಹಳಿಯನ್ನು ಆದಷ್ಟು ಲಂಬವಾಗಿ ದಾಟಬೇಕು, ಮಳೆಯಲ್ಲಂತೂ ಇಳಿದು ತಳ್ಳುವುದೇ ಲೇಸು. ರಸ್ತೆಯ ಮೇಲೆ ಸಾಲು ಬಿಳಿ ತ್ರಿಕೋನಗಳ ಚೂಪು ನಿಮ್ಮ ಕಡೆಗಿದ್ದರೆ ನೀವು ಅಡ್ಡರಸ್ತೆಯವರಿಗೆ ದಾರಿ ಬಿಡಬೇಕು. ಗುರುತೇ ಇಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವವರಿಗೆ ಮೊದಲ ಹಕ್ಕು. ಕೈಯಲ್ಲಿ ಫೋನ್ ಹಿಡಿದು ಓಡಿಸಿದರೆ ದಂಡ 150 ಯೂರೊಗೂ ಮೇಲೆ. ಬೀಗ ಎರಡು ಹಾಕಬೇಕು, ಹಿಂಚಕ್ರಕ್ಕೊಂದು, ಕಂಬಕ್ಕೆ ಸರಪಳಿಯೊಂದು. ನಡೆಯುವವರಿಗೂ ಒಂದು ಮಾತು: ಕೆಂಪು ಬಣ್ಣದ ಸೈಕಲ್ ಪಟ್ಟಿ ಫುಟ್‌ಪಾತ್ ಅಲ್ಲ. ಅದರ ಮೇಲೆ ನಿಂತು ಸೆಲ್ಫಿ ತೆಗೆಯುವವರಿಗೆ ಬೆಲ್ ಮಾಡುವುದೇ ಡಚ್ಚರ ಸಂಯಮದ ಕೊನೆಯ ಹಂತ.

ಊಟದ ವಿಷಯ ಲೇಖನ ಚೀಸಿಗೆ ನಿಲ್ಲಿಸಿದೆ. ಕಟ್ಟಾ ಸಸ್ಯಾಹಾರಿಗಳಿಗೆ ಆ ಚೀಸೇ ಸಮಸ್ಯೆ. ಸಾಂಪ್ರದಾಯಿಕ ಗೌಡಾ ಚೀಸಿಗೆ ಹಾಲು ಒಡೆಯಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ. ‘ವೆಖೆಟಾರಿಸ್ ಸ್ಟ್ರೆಮ್‌ಸೆಲ್’ ಎಂದು ಕೇಳಿದರೆ ಸಸ್ಯಾಹಾರಿ ಬಗೆ ತೋರಿಸುತ್ತಾರೆ. ಬಟಾಣಿ ಸೂಪಿನಲ್ಲಿ ಹಂದಿ ಮಾಂಸ, ಬಿಟರ್‌ಬಾಲೆನ್ ಉಂಡೆಯೊಳಗೆ ದನದ ಮಾಂಸ, ಎರಡೂ ಹೊರನೋಟಕ್ಕೆ ಗೊತ್ತಾಗುವುದಿಲ್ಲ. ಫ್ರೈಸ್ ಕರಿಯುವ ಎಣ್ಣೆ ಯಾವುದೆಂದು ಕೇಳಿ. ಹೊಟ್ಟೆ ತುಂಬ ತಿನ್ನಬೇಕೆಂದರೆ ಸುರಿನಾಮಿ ರೊಟ್ಟಿ ಅಂಗಡಿ ಹುಡುಕಿ: 1873ರಿಂದ ಭಾರತದಿಂದ ದಕ್ಷಿಣ ಅಮೆರಿಕದ ಡಚ್ ವಸಾಹತು ಸುರಿನಾಮಿಗೆ ಕರಾರು ಕೂಲಿಗಳಾಗಿ ಹೋದವರ ಮೊಮ್ಮಕ್ಕಳ ಅಡುಗೆ, ಮೃದು ರೊಟ್ಟಿ, ಆಲೂಗಡ್ಡೆ, ಉದ್ದನೆಯ ಅಲಸಂದೆ ಪಲ್ಯ. ಮೊಟ್ಟೆ ಬೇಡವೆಂದರೆ ಮೊದಲೇ ಹೇಳಬೇಕು. ನಲ್ಲಿ ನೀರು ನಿಶ್ಚಿಂತೆಯಿಂದ ಕುಡಿಯಬಹುದು.

ಇನ್ನು ‘ಬಗೆಬಗೆಯ ಕಾಫಿಶಾಪ್‌ಗಳಲ್ಲಿ ಕುಟುಂಬ ಸಮೇತ ಕಾಫಿ ಸವಿಯಿರಿ’ ಎಂಬ ಸಾಲು. ಇಲ್ಲಿ ಕಾಫಿಶಾಪ್ ಎಂದರೆ ಗಾಂಜಾ ಮಾರುವ ಅಂಗಡಿ, 18 ತುಂಬದವರಿಗೆ ಒಳಗೆ ಪ್ರವೇಶವೇ ಇಲ್ಲ. ಕಾಫಿ ಬೇಕಾದವರು ‘ಕಫೆ’ ಎಂಬ ಫಲಕ ನೋಡಿ. ಕೆಂಪುದೀಪದ ಬೀದಿಗಳಲ್ಲಿ 2023ರಿಂದ ರಸ್ತೆಯಲ್ಲಿ ಗಾಂಜಾ ಸೇದುವುದಕ್ಕೆ ನಿಷೇಧವಿದೆ, ಕಿಟಕಿಯ ಹೆಂಗಸರ ಫೋಟೊ ತೆಗೆಯುವುದು ಎಂದೂ ಸಲ್ಲ. ಅದೇ ಬೀದಿಗಳ ನಡುವೆ 1306ರಲ್ಲಿ ಪ್ರತಿಷ್ಠಾಪನೆಯಾದ ಊರಿನ ಅತಿ ಹಳೆಯ ಚರ್ಚು ಇದೆ, ಹಗಲಲ್ಲಿ ಹೋಗಿ ನೋಡಬಹುದು.

ಪಟ್ಟಿಯಿಂದ ಏನನ್ನು ಕಿತ್ತುಹಾಕಬೇಕು? ಗೀಥೋರ್ನ್ ಮೊದಲು, ರೈಲು, ಬಸ್ಸು ಸೇರಿ ಹೋಗಲಿಕ್ಕೇ ಎರಡು ಗಂಟೆ ಬೇಕು, ಬರಲಿಕ್ಕೂ ಅಷ್ಟೇ. ಕ್ಯೂಕನ್‌ಹಾಫ್ ಹೂದೋಟ ಮಾರ್ಚ್ ನಡುವಿನಿಂದ ಮೇ ನಡುವಿನವರೆಗೆ ಮಾತ್ರ. ಜುಲೈನಲ್ಲಿ ಹೋಗುವವರಿಗೆ ಟುಲಿಪ್ ಸಿಗುವುದು ಅಂಗಡಿಯ ಮರದ ಗೊಂಬೆಗಳಲ್ಲಿ. ಆಲ್ಬರ್ಟ್ ಕೌಪ್ ಸಂತೆಯನ್ನು ಭಾನುವಾರಕ್ಕೆ ಬರೆದಿದ್ದೀರಿ, ಅದು ಭಾನುವಾರ ಇರುವುದಿಲ್ಲ. ಡಿಸೆಂಬರ್‌ನಲ್ಲಿ ಸೂರ್ಯ ಹುಟ್ಟುವುದು ಎಂಟೂ ಮುಕ್ಕಾಲಿಗೆ, ಮುಳುಗುವುದು ನಾಲ್ಕೂವರೆಗೆ. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕು. ಒಂದೇ ಪಟ್ಟಿ ಎರಡಕ್ಕೂ ಹೊಂದುವುದಿಲ್ಲ. ಕೊಡೆ ಗಾಳಿಗೆ ತಿರುವುಮುರುವಾಗುತ್ತದೆ, ತಲೆ ಮುಚ್ಚುವ ಮಳೆ ಜಾಕೆಟ್ ತನ್ನಿ.

ಕಡೆಗೆ, ಲೇಖನದ ಜೊತೆ ಅರ್ಧ ಪುಟ ಆವರಿಸಿದ್ದ ಚಿತ್ರ. ನೀರಿನ ಮಟ್ಟದಲ್ಲಿ ಮೇಜು ಕುರ್ಚಿ ಹಾಕಿದ ಕಟ್ಟೆ, ಹಿಂದೆ ಕಮಾನಿನ ಬಾಗಿಲುಗಳು, ತಲೆಯ ಮೇಲೆ ಒಂದು ಅಂತಸ್ತು ಎತ್ತರದಲ್ಲಿ ರಸ್ತೆ. ಅದು ಆಮ್‌ಸ್ಟರ್‌ಡ್ಯಾಮ್ ಅಲ್ಲ, ಯುಟ್ರೆಕ್ಟ್ ನಗರದ ಔಡೆಗ್ರಾಖ್ಟ್. ಸರಕನ್ನು ಮೇಲೆತ್ತುವ ಬದಲು ದೋಣಿಯಿಂದ ನೇರ ರಸ್ತೆಯಡಿಯ ನೆಲಮಾಳಿಗೆಗೆ ಸಾಗಿಸಲು ಮಧ್ಯಯುಗದಲ್ಲಿ ತೋಡಿದ ಎರಡಂತಸ್ತಿನ ಕಾಲುವೆ. ಆ ಮಾಳಿಗೆಗಳೇ ಈಗ ಹೋಟೆಲುಗಳು. ಸೆಂಟ್ರಲ್‌ನಿಂದ ರೈಲಿನಲ್ಲಿ ಅರ್ಧ ಗಂಟೆಯೂ ಇಲ್ಲ. ಭಾನುವಾರ ಬೆಳಿಗ್ಗೆ 9ಕ್ಕೆ ರೈಕ್ಸ್‌ಮ್ಯೂಸಿಯಂ ಹೊಕ್ಕು 11ಕ್ಕೆ ಹೊರಬಿದ್ದರೆ ಮಧ್ಯಾಹ್ನದ ಊಟಕ್ಕೆ ಆ ಕಟ್ಟೆಯ ಮೇಲೆಯೇ ಕೂರಬಹುದು, ಸ್ಕಿಪೋಲ್‌ಗೆ ಅಲ್ಲಿಂದಲೂ ನೇರ ರೈಲಿದೆ. ಚಿತ್ರದ ಅಡಿಬರಹವನ್ನು ಮುಂದಿನ ಸಂಚಿಕೆಯಲ್ಲಿ ತಿದ್ದಬೇಕಾಗಿ ವಿನಂತಿ.

ಇಂತಿ,
ಕೆಲವು ಕನ್ನಡಿಗ ಓದುಗರು,
ಆಮ್‌ಸ್ಟೆಲ್‌ವೇನ್, ನೆದರ್ಲೆಂಡ್ಸ್